ಬೆನ್ನ ಹಿಂದಿನ ಕೈ

"ಮಿಸ್, ಕೈ ಕೊಡಿ!" ತೊರೆಗೆ ಅಡ್ಡ ಹಾಕಿದ್ದ ದಿಮ್ಮಿಯ ನಟ್ಟನಡುವೆ ಹುಡುಗಿ ತೋಳು ಚಾಚಿ ನಿಂತುಬಿಟ್ಟಳು. ಎದುರು ದಡದಲ್ಲಿ ನಿಂತಿದ್ದವಳು ಹೆತ್ತಮ್ಮ. ಆದರೆ ಇಂಟರ್‌ನ್ಯಾಷನಲ್ ಶಾಲೆಯ ಕ್ಯಾಂಪಿನಲ್ಲಿ ಅಮ್ಮನೂ ಮಿಸ್ಸೇ. ಮಕ್ಕಳು ಕಲಿಯುವಾಗ ಟೀಚರ್ ಕೈ ಬೆನ್ನ ಹಿಂದೆಯೇ ಇರಬೇಕು ಅಂತ ನಿಯಮ ಮಾಡಿದವಳೂ ಅವಳೇ.

"ಕೊಡಲ್ಲ. ಮೊಣಕಾಲುದ್ದ ನೀರು, ಬಿದ್ರೆ ಒದ್ದೆಯಾಗ್ತೀಯ ಅಷ್ಟೇ. ನಡಿ."

"ಬೇರೆಯವರಿಗಾದ್ರೆ ಕೊಡ್ತಿದ್ರಿ!" ಹುಡುಗಿ ಹಲ್ಲುಕಚ್ಚಿ ಕಾಲೆಳೆಯುತ್ತಾ ದಡ ಸೇರಿದಳು. ಮಿಸ್ ಮುಖವನ್ನೂ ನೋಡದೆ ದುಮುಗುಡುತ್ತಾ ಹಿಂದಿನಿಂದ ಹಾದುಹೋಗುತ್ತಿದ್ದವಳು ಥಟ್ಟನೆ ನಿಂತಳು.

ಬೆನ್ನ ಹಿಂದೆ ಮಿಸ್‌ನ ಒಂದು ಕೈ ಇನ್ನೊಂದರ ಮಣಿಕಟ್ಟನ್ನು, ಕಳ್ಳನನ್ನು ಹಿಡಿದ ಹಾಗೆ, ಬಿಗಿಯಾಗಿ ಹಿಡಿದಿತ್ತು. ಉಗುರು ಊರಿದಲ್ಲೆಲ್ಲ ಚರ್ಮ ಕೆಂಪಾಗಿತ್ತು. ಹುಡುಗಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಬಿಡಮ್ಮಾ," ಎಂದಳು ಮೆಲ್ಲಗೆ. "ದಾಟಿ ಆಯ್ತಲ್ಲ."