ವಾರಿಜಮ್ಮನವರ ಹೊಟ್ಟೆಗೆ ತಿಂಡಿ

ಬೆಳಿಗ್ಗೆ ಎಂಟಕ್ಕೆ ಚಿಕ್ಕತಾಯಮ್ಮ ಕೆಲಸಕ್ಕೆ ಕೂತಳು. ಅವಳ ಕೆಲಸ ತಿನ್ನುವುದು. ಇಬ್ಬರೂ ಮುಂಗೈಗೆ ಒಂದೊಂದು ಪಟ್ಟಿ ಕಟ್ಟಿಕೊಂಡರಾಯಿತು, ತಿಂದದ್ದರ ತೃಪ್ತಿಯೆಲ್ಲ ಮನೆಯೊಡತಿ ವಾರಿಜಮ್ಮನವರಿಗೆ. ಮೈಗೆ ಹತ್ತುವುದು ಮಾತ್ರ ತಿಂದವಳಿಗೆ. ಮೈಸೂರಿನ ಅನುಕೂಲಸ್ಥರ ಮನೆಗಳಲ್ಲಿ ಈಗ ಹೀಗೆಯೇ ತೂಕ ಇಳಿಸುತ್ತಾರೆ.

“ಇವತ್ತು ಎರಡು ಇಡ್ಲಿ ತಿಂದ್ರೆ ಸಾಕಾ ಅಮ್ಮಾವ್ರೇ? ನನ್ ಮಂಡಿ ಸವ್ದೋಗೈತಂತೆ. ತೂಕ ಇಳಿಸ್ಲೇಬೇಕು ಅಂದವ್ರೆ ಡಾಕ್ಟ್ರು.”

“ಇಡ್ಲಿ ಎಲ್ಲಿ ತಡೆಯುತ್ತೆ? ಹತ್ತು ಗಂಟೆಗೇ ನಂಗೆ ಹೊಟ್ಟೆ ಚುರುಗುಟ್ಟುತ್ತೆ.” ವಾರಿಜಮ್ಮ ತೂಕದ ಯಂತ್ರದ ಮೇಲೆ ನಿಂತೇ ಯೋಚಿಸಿದರು. “ಅವಲಕ್ಕಿನೂ ಬೇಡ, ಬೇಗ ಕರಗಿಹೋಗುತ್ತೆ. ಮುದ್ದೆ ತಿನ್ನು, ಎರಡು. ಮಧ್ಯಾಹ್ನದವರೆಗೂ ನಂಗೆ ಚಿಂತೆ ಇರಲ್ಲ.”

ಚಿಕ್ಕತಾಯಮ್ಮ ಮುದ್ದೆ ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗತೊಡಗಿದಳು. ಎರಡನೆಯದು ಅರ್ಧವಾಗುವಷ್ಟರಲ್ಲಿ ವಾರಿಜಮ್ಮ ಜೋರಾಗಿ ತೇಗಿದರು.

“ಮೂರು ಕೆಜಿ ಇಳಿದಿದೀನಿ ಕಣೇ! ಮನಸ್ಸು ಗಟ್ಟಿ ಇರಬೇಕು, ಅಷ್ಟೆ. ನೀನೂ ಸ್ವಲ್ಪ ಬಾಯಿ ಕಟ್ಟಬಾರದಾ?”

ಚಿಕ್ಕತಾಯಮ್ಮ ಮೇಜು ಹಿಡಿದುಕೊಂಡು ಎದ್ದಳು. ಮನೆಯಿಂದ ಹೊತ್ತು ತಂದ ಹಸಿವು ಹೊಟ್ಟೆಯಲ್ಲಿ ಹಾಗೆಯೇ ಕೂತಿತ್ತು. ಮಧ್ಯಾಹ್ನದವರೆಗೆ ಪಟ್ಟಿ ಬಿಚ್ಚುವಂತಿರಲಿಲ್ಲ. ಕುಂಟುತ್ತ ಅಡುಗೆಮನೆಗೆ ಹೋಗಿ, ಚೊಂಬು ಎತ್ತಿ ಗಟಗಟನೆ ನೀರು ಕುಡಿದಳು.

“ಚಿಕ್ಕತಾಯೀ,” ವಾರಿಜಮ್ಮ ಹಜಾರದಿಂದಲೇ ಕೂಗಿದರು, “ಅಷ್ಟೊಂದು ನೀರು ಕುಡೀಬೇಡ್ವೇ. ನಂಗೆ ಹೊಟ್ಟೆ ಉಬ್ಬರಿಸುತ್ತೆ.”