ಇವರಲ್ಲ, ಅವರು

ಆ ಇಬ್ಬರು ಗಂಡಹೆಂಡತಿಯಲ್ಲ ಎಂಬುದು ದುಭಾಷಿಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಗೊತ್ತಿಲ್ಲದವನ ಹಾಗೆ ಮೂರನೇ ಕುರ್ಚಿಯಲ್ಲಿ ಕೂತು, ಬಲಗೈ ಎತ್ತಿ ಪ್ರಮಾಣ ಮಾಡಿದ: ಕೇಳಿದ್ದನ್ನು ಕೇಳಿದ ಹಾಗೇ ಹೇಳುತ್ತೇನೆ, ಕೂಡಿಸುವುದಿಲ್ಲ, ಕಳೆಯುವುದಿಲ್ಲ.

ಆ ವಲಸೆ ಕಚೇರಿಯಲ್ಲಿ ಕನ್ನಡಕ್ಕೆ ಇದ್ದವನು ಅವನೊಬ್ಬನೇ. ಪ್ರಮಾಣ ಮುರಿದದ್ದು ಗೊತ್ತಾದರೆ ಕೆಲಸ ಹೋಗುತ್ತದೆ, ಅದರ ಬೆನ್ನಿಗೇ ಅವನ ಕಾಯಂ ವಾಸದ ಕಾರ್ಡೂ ಹೋಗುತ್ತದೆ. ಆ ಕಾರ್ಡೂ ಮದುವೆಯಿಂದ ಬಂದದ್ದೇ. ಎಂಟು ವರ್ಷದ ಹಿಂದೆ ಇದೇ ದೇಶದ ಒಬ್ಬ ನರ್ಸ್ ಜೊತೆ ರಿಜಿಸ್ಟರಿಗೆ ಸಹಿ ಹಾಕಿದ್ದ. ಕಾರ್ಡು ನವೀಕರಿಸುವಾಗಲೆಲ್ಲ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಒಂದು ಫೋಟೋಗೆ ನಗುತ್ತಿದ್ದರು, ಆಮೇಲೆ ಅವರವರ ಬಸ್ಸು ಹತ್ತುತ್ತಿದ್ದರು. ಕಾಗದದ ಮದುವೆಯ ವಾಸನೆ ಅವನಿಗೆ ದೂರದಿಂದಲೇ ಹತ್ತುತ್ತಿತ್ತು.

ಮೊದಲು ಗಂಡನ ಸರದಿ. ಅವನು ಬೇಕರಿಯವನು, ಬೇಕರಿಯ ಟೋಪಿ ತಲೆಯ ಮೇಲೆ ಹಾಗೇ ಇತ್ತು. ಕಾರ್ಡು ಸಿಕ್ಕಿ ಹತ್ತು ವರ್ಷವಾಗಿದ್ದರೂ ಓವನ್ನಿನ ಜೊತೆ ವ್ಯವಹರಿಸುವಷ್ಟೇ ಭಾಷೆ ಕಲಿತಿದ್ದ. ಹೆಂಗಸನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದ್ದರು. ಇಬ್ಬರ ಉತ್ತರವೂ ತಾಳೆಯಾದರೆ ಅವಳಿಗೂ ಕಾರ್ಡು. ಇಲ್ಲದಿದ್ದರೆ ತಿಂಗಳೊಳಗೆ ದೇಶ ಬಿಡಬೇಕು.

ಹೆಂಡತಿ ಹಾಸಿಗೆಯಲ್ಲಿ ಯಾವ ಕಡೆ ಮಲಗುತ್ತಾಳೆ ಎಂದು ಅಧಿಕಾರಿ ಕೇಳಿದರು. ಬೇಕರಿಯವನು ಚಾವಣಿ ನೋಡಿ, ಕಿಟಕಿ ಕಡೆ ಎಂದ. ನೀವು ಗೊರಕೆ ಹೊಡೆಯುತ್ತೀರಾ? ಛೆ, ಇಲ್ಲವೇ ಇಲ್ಲ. ಯಾರೋ ಬಾಯಿಪಾಠ ಮಾಡಿಸಿದ್ದರು, ಮಾಡಿಸಿದವನಿಗೆ ಪಾಠ ಹೇಳುವ ಯೋಗ್ಯತೆ ಇರಲಿಲ್ಲ.

ಹೆಂಡತಿಯನ್ನು ಮನೆಯಲ್ಲಿ ಏನೆಂದು ಕರೆಯುತ್ತೀರಿ ಎಂಬುದು ಮುಂದಿನ ಪ್ರಶ್ನೆ.

“ಅಕ್ಕಾ ಅಂತ,” ಎಂದುಬಿಟ್ಟ ಬೇಕರಿಯವನು.

ದುಭಾಷಿ ರೆಪ್ಪೆ ಮಿಟುಕಿಸಲಿಲ್ಲ. ಅದು ನಮ್ಮ ಭಾಷೆಯಲ್ಲಿ ಪ್ರೀತಿಯ ಮಾತು, ಚಿನ್ನ ಅಂದ ಹಾಗೆ, ಎಂದು ಅನುವಾದಿಸಿದ. ಅಧಿಕಾರಿ ಬರೆದುಕೊಂಡರು. ಪ್ರಮಾಣ ಮಾಡಿ ಆರು ನಿಮಿಷವೂ ಆಗಿರಲಿಲ್ಲ.

ಬೇಕರಿಯವನು ಪಕ್ಕದ ಕೋಣೆಗೆ ಹೋದ, ಹೆಂಗಸು ಒಳಗೆ ಬಂದಳು. ಸೆರಗು ಸರಿಮಾಡಿಕೊಂಡು, ದುಭಾಷಿಗೆ ಅಪರಿಚಿತರಿಗೆ ಮಾಡುವಂಥ ನಮಸ್ಕಾರ ಮಾಡಿ ಕೂತಳು. ಯಾವ ಕಡೆ ಮಲಗುತ್ತೀರಿ?

“ಗೋಡೆ ಕಡೆ ಸಾರ್. ಇವರಿಗೆ ಕಿಟಕಿ ಬೇಕು.”

ಕಿಟಕಿ ಕಡೆ, ಎಂದು ಹೇಳಿದ ದುಭಾಷಿ. ಆಮೇಲೆ ಪ್ರಶ್ನೆ ವಿವರಿಸುವವನ ದನಿಯಲ್ಲಿ ಅವಳಿಗೆ, “ಅಮ್ಮಾ, ಪಕ್ಕದ ಕೋಣೇಲಿ ಇರೋರನ್ನ ‘ಅವರು’ ಅನ್ನಿ. ‘ಇವರು’ ಅನ್ನಬೇಡಿ,” ಎಂದ.

“ರೂಢಿ ಸಾರ್. ಬಾಯಿ ಕೇಳಲ್ಲ.”

ಗಂಡ ಗೊರಕೆ ಹೊಡೆಯುತ್ತಾನೆಯೇ ಎಂದು ಕೇಳಿದ್ದೇ ತಡ, ಅವಳ ಮುಖಕ್ಕೆ ಕಳೆ ಬಂತು.

“ಗೊರಕೆನಾ? ಮಿಕ್ಸಿ ಸಾರ್, ಮಿಕ್ಸಿ. ಎಬ್ಬಿಸಿದ್ರೆ ನಾನು ಮಲಗೇ ಇರಲಿಲ್ಲ ಅಂತಾರೆ.” ಅಲ್ಲಿಗೆ ನಿಲ್ಲಿಸಲಿಲ್ಲ. ಸ್ನಾನ ಮಾಡಿದ ಮೇಲೆ ಒದ್ದೆ ಟವೆಲ್ಲು ಹಾಸಿಗೆಯ ಮೇಲೆ. ಉಪ್ಪು ಕಮ್ಮಿಯಾದರೆ ಬೀದಿಗೆಲ್ಲ ಗೊತ್ತು, ಅಡುಗೆ ಚೆನ್ನಾಗಿದ್ದರೆ ಗುಟ್ಟು. ತಲೆಯಲ್ಲಿ ಕೂದಲಿಲ್ಲ, ಬಾಚಣಿಗೆ ಮಾತ್ರ ಎರಡು. ಹೊರಗೆ ಊರಿನ ಮಾತೆಲ್ಲ ಆಡುವ ಬಾಯಿ, ಮನೆಯೊಳಗೆ ಬಂದರೆ ಹೊಲಿದ ಹಾಗೆ.

ಸ್ವಲ್ಪ ಗೊರಕೆ ಇದೆಯಂತೆ, ಎಂದ ದುಭಾಷಿ.

ಅಧಿಕಾರಿ ಪೆನ್ನು ಕೆಳಗಿಟ್ಟರು. ಆಕೆ ಎರಡು ನಿಮಿಷ ಮಾತಾಡಿದರು, ನೀವು ಒಂದೇ ವಾಕ್ಯ ಹೇಳಿದಿರಿ, ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಿದರು.

ಉಳಿದದ್ದನ್ನೂ ಹೇಳಬೇಕಾಯಿತು. ದುಭಾಷಿ ಮೇಜಿನ ಅಂಚು ನೋಡುತ್ತ ಎಲ್ಲವನ್ನೂ ಒಪ್ಪಿಸಿದ. ಬಾಚಣಿಗೆಯ ಹತ್ತಿರ ಬಂದಾಗ ಹಣೆ ಬೆವರಿತು, ಕೈ ತಾನಾಗಿ ನೆತ್ತಿಗೆ ಹೋಗಿ ಒರೆಸಿಕೊಂಡು ಬಂತು. ಅಂದಿನವರೆಗೆ ಅವನು ಮಾಡಿದ ಅನುವಾದಗಳಲ್ಲಿ ಇಷ್ಟು ನಿಷ್ಠೆಯದು ಇನ್ನೊಂದಿರಲಿಲ್ಲ. ಅವಳು ಪಾಠ ಒಪ್ಪಿಸುವ ಹುಡುಗನನ್ನು ನೋಡುವ ಮೇಷ್ಟರ ಹಾಗೆ ತಲೆಯಾಡಿಸುತ್ತ ಕೂತಿದ್ದಳು.

ಕೊನೆಯ ಪ್ರಶ್ನೆ: ಇಷ್ಟೆಲ್ಲ ಇದ್ದೂ ಈ ಮನುಷ್ಯನ ಜೊತೆ ಯಾಕಿದ್ದೀರಿ?

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಇದಕ್ಕೆ ಉತ್ತರ ಏನು ಬರಬಹುದೆಂದು ದುಭಾಷಿಗೂ ತಿಳಿದಿರಲಿಲ್ಲ.

“ಸುಖ ಸುರೀತಿದೆ ಅಂತಲ್ಲ ಸಾರ್. ನಡುವೆ ನಾಲ್ಕು ವರ್ಷ ನಾನೊಂದು ದೇಶ, ಇವರೊಂದು ದೇಶ. ಆ ಮಿಕ್ಸಿ ಸದ್ದಿಲ್ಲದೆ ಒಂದಿನಾನೂ ಕಣ್ಣಿಗೆ ನಿದ್ದೆ ಹತ್ತಲಿಲ್ಲ.”

ದುಭಾಷಿ ಮೇಜಿನ ಮೇಲಿದ್ದ ನೀರಿಗೆ ಕೈ ಚಾಚಿದ. ಅಧಿಕಾರಿ ನೀರಿನ ಲೋಟ ಮುಂದೆ ತಳ್ಳಿದರು. ಕುಡಿದು, ನೆಲ ನೋಡುತ್ತ ಅಷ್ಟನ್ನೂ ಹೇಳಿದ.

ಅಧಿಕಾರಿ ಜೋರಾಗಿಯೇ ನಕ್ಕರು. ಇಪ್ಪತ್ತು ವರ್ಷದಿಂದ ಈ ಕುರ್ಚಿಯಲ್ಲಿದ್ದೇನೆ, ಸುಳ್ಳು ಹೆಂಡತಿಯರೆಲ್ಲ ಗಂಡನನ್ನು ಹೊಗಳುತ್ತಾರೆ, ಹೀಗೆ ಹರಾಜು ಹಾಕುವವಳು ಅಸಲಿ ಹೆಂಡತಿಯೇ ಆಗಿರಬೇಕು ಎಂದರು. ಫೈಲಿನ ಮೇಲೆ ಮೊಹರು ಬಿತ್ತು. ಬೇಕರಿಯವನನ್ನು ಒಳಗೆ ಕರೆದು ಕೈ ಕುಲುಕಿದರು. ಟವೆಲ್ಲನ್ನು ಇನ್ನಾದರೂ ಒಣಹಾಕಿ ಎಂದು ಬುದ್ಧಿ ಹೇಳಿದರು. ಅವನು ಯಾವ ಟವೆಲ್ಲು ಎಂದು ತಿಳಿಯದೆ ಒಪ್ಪಿಕೊಂಡ.

ಬಾಗಿಲು ದಾಟುವ ಮುನ್ನ ಹೆಂಗಸು ತಿರುಗಿ ನಿಂತು, ಕೈಮುಗಿದು, ದುಭಾಷಿಗೆ ಮೆಲ್ಲಗೆ ಏನೋ ಹೇಳಿದಳು. ಏನಂತೆ ಎಂದರು ಅಧಿಕಾರಿ. ಉಪಕಾರ ಮರೆಯುವುದಿಲ್ಲವಂತೆ, ಎಂದ ದುಭಾಷಿ.

ಅವಳು ಹೇಳಿದ್ದು ಇಷ್ಟು: “ರೀ, ಮನೆ ಬೀಗದ ಕೈ ನಿಮ್ಮ ಜೇಬಲ್ಲೇ ಇದೆ. ಈಗ ತೆಗೀಬೇಡಿ, ನೀವು ಬರೋವರೆಗೂ ಮೆಟ್ಟಿಲ ಮೇಲೆ ಕೂತಿರ್ತೀನಿ.”