ಬೇಯದ ಮಡಕೆ

ಮಗಳು ಚೊಂಬು ಬಗ್ಗಿಸಿ ಹಸಿ ಮಡಕೆಗೆ ನೀರು ಹುಯ್ದದ್ದೇ ತಡ, ತಾಯಿಯ ಕೈ ತಾನಾಗಿಯೇ ಅಡ್ಡ ಹೋಯಿತು. ಆವಿಗೆಯ ಬೆಂಕಿಯಲ್ಲಿ ಬೇಯದ ಮಡಕೆಗೆ ನೀರು ಸೋಕಿದರೆ ಅದು ಮತ್ತೆ ಮಣ್ಣೇ. ಮಳೆ ಹನಿಯಿಂದ, ಮಕ್ಕಳ ಒದ್ದೆ ಕೈಯಿಂದ ಹಸಿ ಮಡಕೆ ಕಾಯುವುದರಲ್ಲೇ ಈ ಕುಂಬಾರಗಿತ್ತಿಯ ಅರ್ಧ ಆಯುಷ್ಯ ಕಳೆದಿತ್ತು.

"ಬಿಡಮ್ಮ. ಕರಗಲಿ ಅಂತಾನೇ ಇಟ್ಟಿರೋದು," ಎಂದಳು ಮಗಳು.

"ಇದನ್ನ ನೋಡೋಕಾ ನನ್ನನ್ನ ಇಲ್ಲಿಗೆ ಕರೆಸಿದ್ದು?"

"ಹೂಂ, ಇದನ್ನೇ."

ಬಿಳಿ ಗೋಡೆಯ ದೊಡ್ಡ ಕೋಣೆ. ಮೋಟು ಪೀಠಗಳ ಮೇಲೆ ಸಾಲಾಗಿ ಮಡಕೆಗಳು, ಸುತ್ತ ಕಲಾಪ್ರದರ್ಶನ ನೋಡಲು ಬಂದ ಜನ. ತಾಯಿಗೆ ಮುಖ ಎಲ್ಲಿಟ್ಟುಕೊಳ್ಳಲಿ ಎನಿಸಿತು. ಕಲಾಶಾಲೆಯಲ್ಲಿ ಓದಿ ಬಂದ ಮೇಲೆ ಮಗಳು ಮನೆಯ ತಿಗರಿ ಚಕ್ರದ ಮುಂದೆ ಒಂದು ದಿನವೂ ಕೂತಿರಲಿಲ್ಲ. "ಈಗೆಲ್ಲ ಕೈಗಿಂತ ಯೋಚನೆ ಮುಖ್ಯ ಅಮ್ಮ," ಎಂದುಬಿಟ್ಟಿದ್ದಳು. ಅಂದಿನಿಂದ ಇಬ್ಬರ ಮಾತುಕತೆ ಅಷ್ಟಕ್ಕಷ್ಟೆ. ಈ ಮಡಕೆಗಳನ್ನೂ ಯಾರ ಕೈಲೋ ಮಾಡಿಸಿ ತಂದಿರಬೇಕು ಎಂದುಕೊಂಡಳು ತಾಯಿ.

ಪಕ್ಕದಲ್ಲಿದ್ದ ಕನ್ನಡಕದವನು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ: "ಮಾಡೋಕೆ ಬರದೇ ಇದ್ದವರು ಕರಗಿಸಿ ಕಲೆ ಅಂತಾರೆ, ನೋಡು." ತಾಯಿಯ ಮನಸ್ಸಿನಲ್ಲಿದ್ದುದೂ ಅದೇ. ಆದರೆ ಬೇರೆಯವರ ಬಾಯಲ್ಲಿ ಕೇಳಿದಾಗ ಮೈಯೆಲ್ಲ ಉರಿದುಹೋಯಿತು. ಹೊರಟುಬಿಡೋಣವೆಂದು ತಿರುಗಿದವಳ ಕಣ್ಣು ನೀರು ಹುಯ್ದಿದ್ದ ಮಡಕೆಯ ಮೇಲೆ ಬಿತ್ತು. ಕಾಲು ಅಲ್ಲೇ ನಿಂತಿತು.

ಮೈ ಒಂದು ಕಡೆ ತೆಳುವಾಗಿದ್ದರೆ ಅಲ್ಲಿ ಬಾಯಿಬಿಟ್ಟು, ನೀರೆಲ್ಲ ಹೊರಕ್ಕೆ ನುಗ್ಗಿ, ಮಡಕೆ ವಾಲಿ ಬಿದ್ದುಹೋಗಬೇಕಿತ್ತು. ಇದು ಬೀಳಲಿಲ್ಲ. ಹೊಟ್ಟೆ ಸುತ್ತಲೂ ಒಂದೇ ಸಮನೆ ಮೆತ್ತಗಾಯಿತು. ಹೆಗಲು ಇಳಿಯಿತು. ಕೊರಳು ನೆಟ್ಟಗೆ ಇದ್ದಂತೆಯೇ ಕೆಳಗೆ ಬಂತು. ದಿನದ ಕೆಲಸ ಮುಗಿಸಿದ ಹೆಂಗಸು ಉಸ್ಸೆಂದು ನೆಲಕ್ಕೆ ಕೂರುವ ಹಾಗೆ ಮಡಕೆ ಮೆಲ್ಲಗೆ ಕೂತಿತು. ಕೊನೆಗೆ ಅದರ ಬಾಯಿ ಮಾತ್ರ ಒಂದಿಷ್ಟೂ ಮುರಿಯದೆ, ದುಂಡಗೆ, ಕೆಸರಿನ ಮೇಲೆ ಉಳಿಯಿತು.

"ಇದನ್ನ ಯಾರು ಮಾಡಿದ್ದು?"

"ನಾನೇ. ಗೆಳತಿ ಮನೇಲಿ. ಮೊದಮೊದಲು ಎಲ್ಲಾ ಪಕ್ಕಕ್ಕೆ ಒಡೆದು ಬೀಳ್ತಿತ್ತು. ನಿನ್ನ ಮಡಕೆ ಹದ ಬರೋವರೆಗೂ ಬಿಡಲಿಲ್ಲ. ಮೈ ಸಮ ಇಲ್ದಿದ್ರೆ ಬೀಳುತ್ತೆ ಅಷ್ಟೆ ಅಮ್ಮ, ಹೀಗೆ ಕೂರಲ್ಲ."

"ಮನೇಲೇ ಮಾಡಬಹುದಿತ್ತಲ್ಲೇ."

"ಕರಗಿಸೋಕೆ ಅಂದಿದ್ರೆ ತಿಗರಿ ಮುಟ್ಟೋಕೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ, ಅದು ತಾಯಿಗೂ ಗೊತ್ತು. ಮಗಳ ಕೈಯಿಂದ ಚೊಂಬು ಇಸಿದುಕೊಂಡು ಮುಂದಿನ ಪೀಠದ ಹತ್ತಿರ ಹೋದಳು. ಅಲ್ಲಿದ್ದ ಮಡಕೆಯ ಅಂಚನ್ನು ಒಮ್ಮೆ ಬೆರಳಿಂದ ಸವರಿದಳು. ಆಮೇಲೆ, ಕೂಸಿನ ನೆತ್ತಿಗೆ ಹುಯ್ಯುವಷ್ಟು ಹಗುರವಾಗಿ, ತಾನೇ ನೀರು ಹುಯ್ದಳು.

ಕನ್ನಡಕದವನು ನೋಡಲೆಂದು ಮುಂದಕ್ಕೆ ಬಾಗಿದ.

"ಸ್ವಲ್ಪ ಹಿಂದೆ ಸರೀರಿ," ಎಂದಳು ತಾಯಿ, ಕೋಣೆಗೆಲ್ಲ ಕೇಳುವ ಹಾಗೆ. "ನನ್ನ ಮಗಳು ಮಾಡಿರೋ ಮಡಕೆ. ಕೂರೋಕೆ ಜಾಗ ಬಿಡಿ."